ಸೇತುವೆಯ ಕೇಬಲ್‌ಗೆ ಸಿಡಿಲು ಬಡಿದರೆ?

ಪ್ರಶ್ನೆ: ಸಿಗಂದೂರಿಗೆ ಹೋದಾಗ ಶರಾವತಿ ಹಿನ್ನೀರಿನ ಹೊಸ ಸೇತುವೆ ನೋಡಿದೆವು. ಆ ಕೇಬಲ್‌ಗಳಿಗೆ ಸಿಡಿಲು ಬಡಿದರೆ ಗತಿ ಏನು? ಕಬ್ಬಿಣಕ್ಕೆ ಬೆಂಕಿ ಹತ್ತುತ್ತಾ? ಸೇತುವೆಗೂ ವೆಂಟಿಲೇಶನ್ ಬೇಕಂತೆ. ಬಯಲಲ್ಲಿ ನಿಂತಿದ್ದಕ್ಕೆ ಅದ್ಯಾಕೆ?
- ಓದುಗರು, ಚಿತ್ರದುರ್ಗ

ಉತ್ತರ: ಕಬ್ಬಿಣ ಹಾಗೆಲ್ಲ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಇಂಥ ಕೇಬಲ್‌ಗಳ ಉಕ್ಕಿನ ಎಳೆಗಳಿಗೆ ತುಕ್ಕು ಹಿಡಿಯದಂತೆ ಸಾಮಾನ್ಯವಾಗಿ ಮೇಣ ಸವರಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿರುತ್ತಾರೆ. ಅವು ಚೆನ್ನಾಗಿಯೇ ಉರಿಯುತ್ತವೆ! ಗ್ರೀಸ್ ದೇಶದ ರಿಯೊ–ಆಂಟಿರಿಯೊ ಸೇತುವೆ ತೆರೆದದ್ದು 2004ರ ಆಗಸ್ಟ್‌ನಲ್ಲಿ. ಆರು ತಿಂಗಳೂ ತುಂಬಿರಲಿಲ್ಲ, 2005ರ ಜನವರಿಯಲ್ಲಿ ಸಿಡಿಲಿಗೆ ಒಂದು ಕೇಬಲ್ ಹೊತ್ತಿಕೊಂಡು, ಕಡಿದು ಕೆಳಗೆ ಬಿತ್ತು. ಉಕ್ಕು ಕರಗಲು 1,500 ಡಿಗ್ರಿ ಬೇಕು. ಆದರೆ 550 ಡಿಗ್ರಿ ಆಸುಪಾಸಲ್ಲೇ ಅದರ ಅರ್ಧ ಬಲ ಹೋಗುತ್ತದೆ. ಕೇಬಲ್ ತಂತಿಗಳಿಗೆ ಅಷ್ಟೂ ಬೇಡ.

ನಿಮ್ಮೂರ ಗುಡ್ಡದ ಗಾಳಿಯಂತ್ರ ನೋಡಿದ್ದೀರಲ್ವಾ? ರೆಕ್ಕೆ ತುದಿಗೆ ಬಡಿದ ಸಿಡಿಲು ಒಳಗಿನ ತಂತಿ ಹಿಡಿದು ನೆಲಕ್ಕಿಳಿಯುತ್ತದೆ. ಸೇತುವೆಗೂ ಅದೇ ಉಪಾಯ. ಕಂಬದ ನೆತ್ತಿಯಿಂದ ಅಡಿಪಾಯದವರೆಗೆ ಎಲ್ಲೂ ತುಂಡಾಗದ ಲೋಹದ ದಾರಿ ಇರಬೇಕು. ಕೇಬಲ್ ಬುಡ, ಕಂಬಿ, ದೀಪದ ಕಂಬ ಎಲ್ಲವೂ ಅದಕ್ಕೆ ಸೇರಿರಬೇಕು.

ವೈರಿಂಗ್‌ನಲ್ಲಿ ಎಡವುವುದು ಜಾಸ್ತಿ ಸೇತುವೆಯ ಭಾಗಗಳು ಕೂಡುವ ಸಂದುಗಳಲ್ಲಿ. 30 ಡಿಗ್ರಿ ತಾಪ ಏರಿದರೆ 100 ಮೀಟರ್ ಉಕ್ಕು ಸುಮಾರು 3.5 ಸೆಂ.ಮೀ. ಹಿಗ್ಗುತ್ತದೆ. ಅಲ್ಲಿ ದೀಪಕ್ಕೆ ಹೋಗುವ ವೈರನ್ನು ಬಿಗಿಯಾಗಿ ಎಳೆದಿದ್ದರೆ ಹೊದಿಕೆ ಸವೆದು ಶಾರ್ಟ್ ಆಗುತ್ತದೆ. ಒಂದು ಸುತ್ತು ಸಡಿಲ ಬಿಟ್ಟರೆ ಸಾಕು. ಇಷ್ಟು ಸಣ್ಣ ಕೆಲಸಕ್ಕೂ ಕೆಲವರಿಗೆ ಸೋಮಾರಿತನ.

ನನ್ನನ್ನು ಕೇಳಿದರೆ, ಸಿಡಿಲಿಗಿಂತ ಹೆದರಬೇಕಾದ್ದು ಸೇತುವೆ ಕೆಳಗೆ ರಾಶಿ ಹಾಕುವ ಸಾಮಾನಿಗೆ. 2017ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹೆದ್ದಾರಿ ಸೇತುವೆಯಡಿ ಸುಮ್ನೆ ಬಿದ್ದಿದ್ದ ಪ್ಲಾಸ್ಟಿಕ್ ಪೈಪುಗಳಿಗೆ ಬೆಂಕಿ ಬಿತ್ತು. ಮೇಲಿನ ರಸ್ತೆಯ ಒಂದು ಭಾಗವೇ ಕುಸಿಯಿತು. ಹಳೇ ಟೈರು, ಕಸ ಅಂತ ನಾವು ಸೇತುವೆಯಡಿ ತುಂಬುವುದೂ ಇಂಥದ್ದನ್ನೇ.

ಇನ್ನು ವೆಂಟಿಲೇಶನ್. ದೊಡ್ಡ ಸೇತುವೆಗಳ ರಸ್ತೆಯಡಿ ಎಷ್ಟೋ ಕಡೆ ಟೊಳ್ಳು ಪೆಟ್ಟಿಗೆಯಂಥ ಜಾಗ ಇರುತ್ತದೆ. ಉಕ್ಕಿನದಾದರೆ ಒಳಗಿನ ತೇವ ಶೇ 60 ದಾಟದಂತೆ ಒಣಗಾಳಿ ಬಿಡುತ್ತಾರೆ, ತುಕ್ಕು ಹಿಡಿಯುವುದಿಲ್ಲ. ಜಪಾನಿನ ಅಕಾಶಿ ಕೈಕ್ಯೊ ಸೇತುವೆಯಲ್ಲಿ ಮುಖ್ಯ ಕೇಬಲ್ ಒಳಗೂ ಒಣಗಾಳಿ ಹಾಯಿಸುತ್ತಾರೆ. ತಪಾಸಣೆಗೆ ಇಳಿಯುವವರ ಪಾಲಿಗಂತೂ ಗಾಳಿ ಜೀವದ ಪ್ರಶ್ನೆ. ಮುಚ್ಚಳ ತೆಗೆದು, ಗಾಳಿ ಆಡಿಸಿ, ಆಮ್ಲಜನಕ ಅಳೆದ ಮೇಲೆಯೇ ಒಳಗೆ ಕಾಲಿಡಬೇಕು.