ಬೋಗನ್‌ವಿಲ್ಲಾಗೆ ಪ್ರತಿ ತಿಂಗಳು ಕತ್ತರಿ ಬೇಕಾ?

ಪ್ರಶ್ನೆ: ಕಾಂಪೌಂಡ್ ಮೇಲಿನ ಬೋಗನ್‌ವಿಲ್ಲಾ ತುಂಬಾ ಬರೀ ಎಲೆ, ಹೂವೇ ಇಲ್ಲ. ಪ್ರತಿ ತಿಂಗಳೂ ನೀಟಾಗಿ ಟ್ರಿಮ್ ಮಾಡಿಸ್ತೀವಿ, ದಿನಾ ನೀರು, ಗೊಬ್ಬರಾನೂ ಹಾಕ್ತೀವಿ. ಏನ್ ಕಮ್ಮಿಯಾಗಿದೆ?
– ಓದುಗರು, ಮೈಸೂರು

ಉತ್ತರ: ಕಮ್ಮಿ ಆಗಿಲ್ಲ ರೀ, ಜಾಸ್ತಿ ಆಗಿದೆ! ಇದು ಹೂ ಬಿಡೋದೇ ಹೊಸ ಚಿಗುರಲ್ಲಿ, ಆ ಚಿಗುರು ಸ್ವಲ್ಪ ಬಲಿಯೋಕೆ ಮುಂಚೆನೇ ನಿಮ್ಮ ಕತ್ತರಿ ಬಂದ್ಬಿಡುತ್ತೆ, ಇನ್ನೆಲ್ಲಿ ಹೂವು. ಒಂದು ಸುತ್ತು ಹೂ ಉದುರಿದ ಮೇಲೆ ಮಾತ್ರ ಕಟ್ ಮಾಡಿ, ಒಣಗಿದ್ದು, ಒಳಗೆ ಒಂದಕ್ಕೊಂದು ಉಜ್ಜೋ ಕಡ್ಡಿಗಳನ್ನ ಬುಡದಿಂದ್ಲೇ ತೆಗೀರಿ, ಆಮೇಲೆ ಸುಮ್ನೆ ಬಿಟ್ಬಿಡಿ. ನೀರು ಮಣ್ಣು ಒಣಗಿದ್ಮೇಲೆ ಸಾಕು, ಯೂರಿಯಾ ಬೇಡ, ಬಿಸಿಲು ಚೆನ್ನಾಗಿ ಬೀಳ್ಬೇಕು. ದಾಸವಾಳಕ್ಕೂ ಹಿಂಗೇನೆ, ಹೊಸ ಕೊಂಬೆಯಲ್ಲೇ ಹೂ.

ಪ್ರಶ್ನೆ: ಸಂಪಿಗೆ ಮರದ ದಪ್ಪ ಕೊಂಬೆ ಶೀಟ್ ಮೇಲೆ ವಾಲಿದೆ. ಹೆಂಗೆ ತೆಗೆಯೋದು?
– ಓದುಗರು, ಶಿವಮೊಗ್ಗ

ಉತ್ತರ: ಮಚ್ಚು ಬೇಡ, ಗರಗಸ ತಗೊಳ್ಳಿ. ಮೇಲಿಂದ ಒಂದೇ ಸಲ ಕೊಯ್ದ್ರೆ ಕೊಂಬೆ ಬೀಳುವಾಗ ಕಾಂಡದ ಸಿಪ್ಪೆನೂ ಕಿತ್ಕೊಂಡು ಹೋಗುತ್ತೆ. ಮೊದ್ಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿಂದ ಕಾಲು ಭಾಗ ಕೊಯ್ರಿ, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ. ಉಳಿದ ಮೋಟನ್ನ, ಕೊಂಬೆ ಸೇರೋ ಜಾಗದ ಉಬ್ಬು ಇರುತ್ತಲ್ಲ, ಅದನ್ನ ಬಿಟ್ಟು ಹೊರಗಡೆ ಕೊಯ್ರಿ, ಗಾಯ ಮುಚ್ಚೋದೇ ಆ ಉಬ್ಬಿಂದ. ಪೇಂಟು, ಸಗಣಿ ಏನೂ ಬೇಕಿಲ್ಲ. ಹತ್ರ ಕರೆಂಟ್ ವೈರ್ ಇದ್ರೆ ಮಾತ್ರ ನೀವೇ ಹತ್ತೋಕೆ ಹೋಗ್ಬೇಡಿ, ಲೈನ್‌ಮ್ಯಾನ್ ಕರೀರಿ.