‘ಓನ್ಲಿ’ಯನ್ನು ತಿದ್ದುವ ಮೊದಲು

ನಮಸ್ಕಾರ.

ನೀವು ಕಳಿಸಿದ ‘ಅಪಾರ್ಟ್‌ಮೆಂಟ್ ಇಂಗ್ಲಿಷ್’ ಲೇಖನ ಓದಿದೆವು. ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನೆರೆಯವರ ಇಂಗ್ಲಿಷ್ ತಪ್ಪುಗಳನ್ನು ಎಲ್ಲರೆದುರೇ ತಿದ್ದಿದ್ದೀರಿ, ಉಳಿದವರೂ ಹಾಗೇ ಮಾಡಲಿ ಎಂದಿದ್ದೀರಿ. ಈ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ಇದರೊಳಗೊಂದು ಒಳ್ಳೆಯ ಲೇಖನವಿದೆ, ನೀವು ಅದನ್ನು ದಾಟಿ ಹೋಗಿದ್ದೀರಿ.

ನಿಮ್ಮ ಏಳನೇ ಉದಾಹರಣೆ ನೋಡಿ: ‘ಕಾವೇರಿ ವಾಟರ್ ವಿಲ್ ಕಮ್ ಮಾರ್ನಿಂಗ್ ಓನ್ಲಿ.’ ಬರೆದವರ ಮನಸ್ಸಿನಲ್ಲಿದ್ದದ್ದು ‘ಬೆಳಿಗ್ಗೇನೇ ಬರುತ್ತೆ’. ನಮ್ಮ ‘ಏ’ ಬೆಳಿಗ್ಗೆಗೆ ಒತ್ತು ಕೊಡುತ್ತದೆ, ಸಂಜೆ ಇಲ್ಲವೆಂದು ಹೇಳಲೇಬೇಕೆಂದಿಲ್ಲ. ಅದರ ಜಾಗದಲ್ಲಿ ಕೂತ ‘ಓನ್ಲಿ’ಯನ್ನು ಇಂಗ್ಲಿಷನ್ನೇ ನೆಚ್ಚಿ ಓದುವವರು ‘ಬೆಳಿಗ್ಗೆ ಮಾತ್ರ’ ಎಂದುಕೊಂಡು ಸಂಜೆಗೆ ಟ್ಯಾಂಕರ್ ಹೇಳಿಬಿಡುತ್ತಾರೆ. ತಿದ್ದಬೇಕಾದದ್ದು ಇದನ್ನು. ನೀವೋ ನಕ್ಕು ಮುಂದೆ ಹೋಗಿದ್ದೀರಿ! ‘ಪೇ ಮೇಂಟೆನೆನ್ಸ್ ಟಿಲ್ ಟೆನ್ತ್’ ಕೂಡ ಹೀಗೆಯೇ. ಹತ್ತನೇ ತಾರೀಖಿನೊಳಗೆ ಕಟ್ಟಿ ಎನ್ನಲು ‘ಬೈ’ ಬೇಕು. ‘ಟಿಲ್’ ಹಾಕಿದರೆ ಹತ್ತರವರೆಗಿನ ಬಾಕಿ ಕಟ್ಟಿ ಎಂದೂ ಓದಿಕೊಳ್ಳಬಹುದು.

‘ಐ ಆ್ಯಮ್ ಹ್ಯಾವಿಂಗ್ ಟೂ ಕಾರ್ಸ್’, ‘ಕಸಿನ್ ಬ್ರದರ್’ ಬೇರೆ ಬಗೆಯವು. ಇವುಗಳಿಂದ ಯಾರಿಗೂ ಅರ್ಥ ತಪ್ಪುವುದಿಲ್ಲ. ಚಿಕ್ಕಪ್ಪನ ಮಗ ನಮಗೆ ಅಣ್ಣ ಅಥವಾ ತಮ್ಮ, ಬರಿಯ ‘ಕಸಿನ್’ ಸಾಲದೆ ‘ಬ್ರದರ್’ ಸೇರಿಕೊಂಡಿದೆ. ಇಂಥದ್ದನ್ನು ಗುಂಪಿನಲ್ಲಿ ತಿದ್ದಿದರೆ ಪಾರ್ಕಿಂಗ್ ಬಗ್ಗೆ ಕೇಳಿದವರಿಗೆ ಉತ್ತರ ಸಿಗುವುದಿಲ್ಲ, ಇನ್ನೊಮ್ಮೆ ಕೇಳಲು ಅವರು ಹಿಂಜರಿಯುತ್ತಾರೆ.

ನೀವು ನಿಯಮವೆಂದ ಕೆಲವು ನಿಯಮಗಳೇ ಅಲ್ಲ. ಎಣಿಸುವ ವಸ್ತುಗಳಿಗೆ ‘ಲೆಸ್’ಗಿಂತ ‘ಫ್ಯೂಯರ್’ ಚೆನ್ನ ಎಂಬುದು 1770ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಪುಸ್ತಕ ಬರೆದ ರಾಬರ್ಟ್ ಬೇಕರ್ ತಮ್ಮ ಅಭಿರುಚಿಯೆಂದು ಬರೆದ ಮಾತು. ಅದಕ್ಕೆ ಶತಮಾನಗಳ ಹಿಂದಿನಿಂದಲೂ ಎಣಿಕೆಗೆ ‘ಲೆಸ್’ ಬಳಕೆಯಲ್ಲಿತ್ತು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ (‘ಇನ್’, ‘ವಿತ್’ನಂಥ ಪದ) ಬಂದದ್ದಕ್ಕೆ ಇಂಗ್ಲಿಷ್ ಕವಿ ಡ್ರೈಡನ್ ಆಕ್ಷೇಪಿಸಿದ್ದು 1672ರಲ್ಲಿ. 1926ರಲ್ಲಿ ನಿಘಂಟುಕಾರ ಫೌಲರ್ ಆ ನಿಷೇಧವನ್ನು ಮೂಢನಂಬಿಕೆ ಎಂದರು. ‘ಪ್ರೀಪೋನ್’ ಯಾವ ನಿಘಂಟಿನಲ್ಲೂ ಇಲ್ಲ ಎಂದಿದ್ದೀರಿ, ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಬೇರೆಯವರನ್ನು ತಿದ್ದುವ ಬರಹದಲ್ಲೇ ತಪ್ಪು ನುಸುಳುವುದಕ್ಕೆ ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್‌ಸಂಡ್ 1992ರಲ್ಲಿ ‘ಮಫ್ರಿ ನಿಯಮ’ ಎಂದು ಹೆಸರಿಟ್ಟರು. ಕಳಿಸುವ ಮುನ್ನ ನಿಘಂಟು ತೆರೆದು ನೋಡಿ.

ತಿದ್ದುವ ಬಗೆಯನ್ನೂ ಲೇಖನದಲ್ಲಿ ಹೇಳಿ. ಬರೆದವರೊಬ್ಬರಿಗೇ ಸಂದೇಶ ಕಳಿಸಿ ‘ಸಂಜೆನೂ ನೀರು ಇರುತ್ತಲ್ವಾ ಸರ್?’ ಎಂದು ಕೇಳಿದರೆ ಸಾಕು, ಎಡವಟ್ಟು ಅವರಿಗೇ ಹೊಳೆಯುತ್ತದೆ. ಆದರೆ ಬೇಗ ಕೇಳಬೇಕು: ವಾಟ್ಸ್ಆ್ಯಪ್ ಸಂದೇಶವನ್ನು ಎಡಿಟ್ ಮಾಡಲು ಇರುವುದು 15 ನಿಮಿಷ. ಆ ಹೊತ್ತು ದಾಟಿದ್ದರೆ ಅವರೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊಸ ಸಂದೇಶ ಹಾಕಲಿ.

ನಲವತ್ತು ಉದಾಹರಣೆಗಳಲ್ಲಿ ನಾಲ್ಕು ಉಳಿಸಿ. ಪ್ರತಿಯೊಂದರ ಕೆಳಗೂ ಅದರ ಹಿಂದಿನ ಕನ್ನಡ ವಾಕ್ಯ ಬರೆಯಿರಿ, ಅರ್ಥ ಎಲ್ಲಿ ಜಾರಿತೆಂದು ತೋರಿಸಿ. ನೆರೆಯವರ ಹೆಸರು, ಫ್ಲಾಟ್ ನಂಬರ್ ಒಂದೂ ಇರಕೂಡದು. ಏಳುನೂರು ಪದಗಳೊಳಗೆ ಮುಗಿಸಿ ಮತ್ತೆ ಕಳಿಸಿ, ಓದುತ್ತೇವೆ.

ಸಂಪಾದಕರು