ಆರೈಕೆ ಕೇಂದ್ರದಲ್ಲಿರುವವರ ಪರವಾಗಿ ಚಿಕಿತ್ಸೆಯ ನಿರ್ಧಾರ ಮಾಡುವ ಮನೆಯವರ ಕಷ್ಟವನ್ನು ಅಳೆಯುವುದು ಹೇಗೆ? ಜರಿಟ್ ಪ್ರಶ್ನಾವಳಿ ಸಾಕಾ?

ಸಾಕಾಗುವುದಿಲ್ಲ. ನೀವು ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕೆ ಈ ವಿಷಯ ತೆಗೆದುಕೊಂಡಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಬೆಂಗಳೂರಿನ ಒಂದು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಆರೈಕೆ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆ. ಈ ಕೆಲಸಕ್ಕೆ ಬರುವ ಮೊದಲು ಇಂಥದ್ದೇ ಇನ್ನೊಂದು ಕೇಂದ್ರದಲ್ಲಿದ್ದ ಅಮ್ಮನ ಪರವಾಗಿ ಸಹಿ ಹಾಕಿದ ಮಗಳು.

ಜರಿಟ್‌ನ 22 ಪ್ರಶ್ನೆಗಳು ಆರೈಕೆ ಮಾಡುವವರ ಹೊರೆಯನ್ನು ಅಳೆಯುತ್ತವೆ. ನಿಮಗೆ ಅಂತ ಸಮಯ ಸಿಗುತ್ತಿದೆಯಾ, ದುಡ್ಡು ಸಾಲುತ್ತಿದೆಯಾ, ನಿಮ್ಮ ಆರೋಗ್ಯ ಕೆಟ್ಟಿದೆಯಾ, ಹೀಗೆ. ಅಮ್ಮ ಕೇಂದ್ರ ಸೇರಿದ ಮೇಲೆ ನನ್ನ ಈ ಹೊರೆ ಇಳಿದಿತ್ತು. ಎಷ್ಟೋ ವರ್ಷದ ಮೇಲೆ ರಾತ್ರಿ ಪೂರ್ತಿ ನಿದ್ದೆ ಮಾಡಿದ್ದೆ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. "ಅಮ್ಮ ನುಂಗ್ತಾ ಇಲ್ಲ. ರೈಲ್ಸ್ ಟ್ಯೂಬ್ ಹಾಕೋಣ್ವಾ? ಸಂಜೆ ಒಳಗೆ ಹೇಳಿ." ರೈಲ್ಸ್ ಟ್ಯೂಬ್ ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸಿ ಊಟ ಕೊಡುವ ಕೊಳವೆ. ಆ ದಿನ ಯಾರಾದರೂ ನನಗೆ ಜರಿಟ್ ಕೊಟ್ಟಿದ್ದರೆ ಅಂಕ ಕಡಿಮೆಯೇ ಬರುತ್ತಿತ್ತು. ಫೋನ್ ಹಿಡಿದ ಕೈ ಮಾತ್ರ ನಡುಗುತ್ತಿತ್ತು.

ಆ ನಡುಕವನ್ನು ಅಳೆಯಲು ಬೇರೆ ಸಾಧನ ಇದೆ. ಹೆಸರು ಡಿಸಿಷನಲ್ ಕಾನ್‌ಫ್ಲಿಕ್ಟ್ ಸ್ಕೇಲ್. ಕೆನಡಾದ ಒಟ್ಟಾವಾದ ಆನೆಟ್ ಓ'ಕಾನರ್ 1995ರಲ್ಲಿ ಪ್ರಕಟಿಸಿದ್ದು. ಕನ್ನಡದಲ್ಲಿ ನಾನು ಇದನ್ನು ನಿರ್ಧಾರದ ತೊಳಲಾಟ ಅನ್ನುತ್ತೇನೆ. 16 ಹೇಳಿಕೆಗಳಿವೆ, ಒಂದೊಂದಕ್ಕೂ 0ಯಿಂದ 4: ಪೂರ್ತಿ ಒಪ್ಪಿದರೆ 0, ಸ್ವಲ್ಪವೂ ಒಪ್ಪದಿದ್ದರೆ 4. ಒಟ್ಟು ಕೂಡಿಸಿ, 16ರಿಂದ ಭಾಗಿಸಿ, 25ರಿಂದ ಗುಣಿಸಿದರೆ 0ಯಿಂದ 100ರ ಒಳಗಿನ ಅಂಕ ಸಿಗುತ್ತದೆ. ಸಾಮಾನ್ಯವಾಗಿ 25ಕ್ಕಿಂತ ಕಡಿಮೆ ಇದ್ದವರು ನಿರ್ಧಾರ ಮಾಡಿ ಮುಂದೆ ಹೋಗುತ್ತಾರೆ. 37.5ಕ್ಕಿಂತ ಜಾಸ್ತಿ ಇದ್ದವರು ಮುಂದೂಡುತ್ತಾರೆ, ಒದ್ದಾಡುತ್ತಾರೆ. ಕೆಲವು ಅಧ್ಯಯನಗಳು 1ರಿಂದ 5ರ ಲೆಕ್ಕದಲ್ಲಿ ಅಂಕ ಕೊಡುತ್ತವೆ. ಹೋಲಿಸುವಾಗ ಎಚ್ಚರ ಇರಲಿ.

ಆದರೆ ದಯವಿಟ್ಟು ಒಟ್ಟು ಅಂಕಕ್ಕೆ ನಿಲ್ಲಬೇಡಿ. ಈ ಅಳತೆಗೋಲಿನ ಜೀವ ಅದರ ಐದು ಭಾಗಗಳಲ್ಲಿದೆ: ಮಾಹಿತಿ ಇದೆಯಾ, ಏನು ಮುಖ್ಯ ಅನ್ನುವುದು ಸ್ಪಷ್ಟವಾಗಿದೆಯಾ, ಜೊತೆಗೆ ಯಾರಾದರೂ ಇದ್ದಾರಾ, ಎಷ್ಟು ಖಚಿತ, ಮಾಡಿದ ನಿರ್ಧಾರ ಸರಿ ಅನ್ನಿಸುತ್ತಿದೆಯಾ. ನಮ್ಮಲ್ಲಿ ಇಬ್ಬರಿಗೆ ಹೆಚ್ಚುಕಡಿಮೆ ಒಂದೇ ಅಂಕ ಬಂದಿತ್ತು. ಒಬ್ಬರಿಗೆ ಪೆಗ್ ಟ್ಯೂಬ್ (ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಊಟ ಕೊಡಲು ಹಾಕುವ ಕೊಳವೆ) ಅಂದರೆ ಏನು ಅಂತಲೇ ಯಾರೂ ಹೇಳಿರಲಿಲ್ಲ. ಅರ್ಧ ಗಂಟೆ ಕೂತು ಚಿತ್ರ ಬಿಡಿಸಿ ಹೇಳಿದ ಮೇಲೆ ಹಗುರಾದರು. ಇನ್ನೊಬ್ಬರು ಸ್ವತಃ ಡಾಕ್ಟರ್. ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಆದರೆ ಹೊರದೇಶದಲ್ಲಿದ್ದ ಅಣ್ಣಂದಿರು ದಿನಾ ರಾತ್ರಿ ವಾಟ್ಸಾಪ್‌ನಲ್ಲಿ "ಎಲ್ಲಾ ಮಾಡ್ಸು, ದುಡ್ಡು ನಾವು ಕಳಿಸ್ತೀವಿ" ಅನ್ನುತ್ತಿದ್ದರು. ಆ ಡಾಕ್ಟರಿಗೆ ಬೇಕಾಗಿದ್ದದ್ದು ಮಾಹಿತಿ ಅಲ್ಲ, ಎಲ್ಲರನ್ನೂ ಕೂರಿಸಿ ಮಾತಾಡಿಸುವ ಒಂದು ವಿಡಿಯೊ ಕಾಲ್.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಈ ಹೇಳಿಕೆಗಳು ಮೂಲತಃ ರೋಗಿ ತನ್ನ ಬಗ್ಗೆ ತಾನೇ ಹೇಳಲು ಬರೆದವು. 'ನನಗೆ ಯಾವ ಲಾಭ ಮುಖ್ಯ ಅಂತ ನನಗೆ ಗೊತ್ತು' ಅನ್ನುವ ಥರ. ಮಗಳ ಕೈಗೆ ಕೊಟ್ಟಾಗ 'ನನಗೆ' ಅಂದರೆ ಯಾರಿಗೆ? ಅಮ್ಮನಿಗಾ, ಮಗಳಿಗಾ? ಅಮ್ಮನಿಗೆ ಏನು ಇಷ್ಟವಾಗುತ್ತಿತ್ತು ಅನ್ನುವುದು ಒಂದು. ಅಮ್ಮ ಇನ್ನೂ ಸ್ವಲ್ಪ ದಿನ ಇರಲಿ ಅನ್ನುವ ನನ್ನ ಆಸೆ ಇನ್ನೊಂದು. ಇವೆರಡೂ ಎದೆಯೊಳಗೆ ಒಂದೇ ದನಿಯಲ್ಲಿ ಮಾತಾಡುತ್ತವೆ. 2006ರ ಒಂದು ವಿಮರ್ಶೆ 16 ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ರೋಗಿ ಏನು ಬಯಸುತ್ತಾರೆ ಅಂತ ಮನೆಯವರು ಸರಿಯಾಗಿ ಊಹಿಸಿದ್ದು ಶೇ. 68ರಷ್ಟು ಸಲ ಮಾತ್ರ. ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಸಲ ತಪ್ಪು. ಅದಕ್ಕೇ ಮೂಲದ 16 ಹೇಳಿಕೆಗಳನ್ನು ಹಾಗೇ ಇಟ್ಟುಕೊಂಡು, 'ಅವರಿಗೆ ಏನು ಮುಖ್ಯ', 'ನನಗೆ ಏನು ಮುಖ್ಯ' ಅಂತ ಎರಡು ಪ್ರಶ್ನೆ ಬೇರೆಯಾಗಿ ಸೇರಿಸಿ. ಅವನ್ನು ಅಂಕಕ್ಕೆ ಕೂಡಿಸಬೇಡಿ. ಆಗ ಬೇರೆ ಅಧ್ಯಯನಗಳ ಜೊತೆ ಹೋಲಿಕೆಯೂ ಉಳಿಯುತ್ತದೆ, ಈ ವ್ಯತ್ಯಾಸವೂ ಕಾಣುತ್ತದೆ.

ಇನ್ನೊಂದು ವಿಷಯ ನನ್ನ ಅನುಭವದಿಂದಲೇ ಹೇಳಬೇಕು. ಆ ದಿನ 'ನನ್ನ ಮುಂದೆ ಯಾವ ಯಾವ ದಾರಿ ಇದೆ ಅಂತ ಗೊತ್ತು' ಅನ್ನುವ ಹೇಳಿಕೆ ಕೊಟ್ಟಿದ್ದರೆ ನಾನು 'ಪೂರ್ತಿ ಒಪ್ಪುತ್ತೇನೆ' ಅಂತ ಗುರುತು ಹಾಕುತ್ತಿದ್ದೆ. ನನಗೆ ಗೊತ್ತಿದ್ದ ದಾರಿ ಎರಡೇ. ಟ್ಯೂಬ್, ಇಲ್ಲಾಂದ್ರೆ ಅಮ್ಮ ಹಸಿವಿನಿಂದ ಸಾಯುವುದು. ಮೂರನೆಯದು ಇತ್ತು. ಅಮ್ಮನನ್ನು ನೇರವಾಗಿ ಕೂರಿಸಿ, ಗಂಜಿಯನ್ನು ಗಟ್ಟಿ ಮಾಡಿ, ಅವಳು ಬಾಯಿ ತೆರೆದಾಗ ಒಂದೊಂದೇ ಚಮಚ, ಅವಳಿಗೆ ಸಾಕಾದಾಗ ನಿಲ್ಲಿಸುವುದು. ಹಿರಿಯರ ಚಿಕಿತ್ಸೆಯ ತಜ್ಞರ ಸಂಘವಾದ ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿ 2014ರಲ್ಲೇ ಹೇಳಿದೆ, ಡಿಮೆನ್ಷಿಯಾ ತುಂಬಾ ಮುಂದುವರಿದವರಿಗೆ ಟ್ಯೂಬ್ ಬೇಡ, ಹೀಗೆ ಕೈಯಾರೆ ತಿನ್ನಿಸಿ ಅಂತ. ನನಗೆ ಯಾರೂ ಹೇಳಲಿಲ್ಲ. ಹಾಗಾಗಿ ಅಂಕ ಕಡಿಮೆ ಬಂದರೆ 'ಇವರಿಗೆ ತೊಂದರೆ ಇಲ್ಲ' ಅಂತ ಬರೆದುಬಿಡಬೇಡಿ. ಗೊತ್ತಿಲ್ಲದೆ ಇರುವವರಿಗೂ ಅಂಕ ಕಡಿಮೆಯೇ ಬರಬಹುದು. ಜೊತೆಗೆ ನಾಲ್ಕೈದು ಮಾಹಿತಿ ಪ್ರಶ್ನೆ ಇಡಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 24 ನರ್ಸಿಂಗ್ ಹೋಮ್‌ಗಳ 256 ಕುಟುಂಬಗಳ ಜೊತೆ ಮಾಡಿದ ಪ್ರಯೋಗದಲ್ಲೂ ತೊಳಲಾಟದ ಜೊತೆ ತಿಳಿವಳಿಕೆಯನ್ನೂ ಅಳೆದಿದ್ದರು. 2011ರಲ್ಲಿ ಪ್ರಕಟವಾಯಿತು. ಊಟದ ದಾರಿಗಳನ್ನು ವಿವರಿಸುವ ನೆರವನ್ನು ಪಡೆದವರ ಅಂಕ ಮೂರು ತಿಂಗಳಲ್ಲಿ 1.65, ಉಳಿದವರದ್ದು 1.97. ಇದು ಆ 1ರಿಂದ 5ರ ಲೆಕ್ಕ. ನೂರರ ಲೆಕ್ಕಕ್ಕೆ ತಂದರೆ ಸುಮಾರು 16 ಮತ್ತು 24.

ಅನುವಾದಕ್ಕೆ ಸಮಯ ಜಾಸ್ತಿ ಇಡಿ. ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ. ಆಮೇಲೆ ಎಂಟು ಹತ್ತು ಜನರನ್ನು ಕೂರಿಸಿ 'ನಿಮಗೆ ಏನು ಅರ್ಥ ಆಯ್ತು ಹೇಳಿ' ಅಂತ ಕೇಳಿ. 'ಒತ್ತಡವಿಲ್ಲದೆ ನಿರ್ಧರಿಸುತ್ತಿದ್ದೇನೆ' ಅಂತ ನಾನು ಓದಿದಾಗ ಒಬ್ಬರು "ಬಿಪಿ ಇದೆ ಮೇಡಂ, ಮಾತ್ರೆ ತಗೋತೀನಿ" ಅಂದರು. 'ಯಾರ ಬಲವಂತವೂ ಇಲ್ಲದೆ' ಅಂದಾಗ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಭಾವನ ವಿಷಯ ಹೇಳಿದರು.

ಯಾರಿಗೆ ಕೊಡುತ್ತೀರಿ ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ದಿನಾ ಬಂದು ಹೋಗುವವರು ಸೊಸೆ. ಸಹಿ ಹಾಕುವವರು ಮಗ. ಬಿಲ್ ಕಟ್ಟುವವರು ಇನ್ನೊಬ್ಬ ಮಗ. ಒಬ್ಬರನ್ನೇ ಆರಿಸಿದರೆ ಮನೆಯ ಮೂರನೇ ಒಂದು ಭಾಗ ಮಾತ್ರ ಕಾಣುತ್ತದೆ. ಆದಷ್ಟು ಇಬ್ಬರಿಂದ ಬೇರೆ ಬೇರೆಯಾಗಿ ತುಂಬಿಸಿ, ಕೇಂದ್ರದ ಸಿಬ್ಬಂದಿ ಎದುರಿಗಂತೂ ಬೇಡವೇ ಬೇಡ. ಸಮಯ ತೀರಾ ಕಡಿಮೆ ಇದ್ದರೆ ಶೂರ್ (SURE) ಅನ್ನುವ ನಾಲ್ಕೇ ಪ್ರಶ್ನೆಗಳ ಪರೀಕ್ಷೆ ಇದೆ. ಹೌದು, ಇಲ್ಲ ಅಷ್ಟೇ. ಒಂದು 'ಇಲ್ಲ' ಬಂದರೂ ಕೂತು ಮಾತಾಡಬೇಕು ಅಂತ ಅರ್ಥ. ಹಿರಿಯರು ಮೊದಲೇ ತಮ್ಮ ಇಚ್ಛೆ ಬರೆದಿಟ್ಟಿದ್ದಾರಾ ಅಂತಲೂ ಒಂದು ಕಾಲಂ ಇರಲಿ. ಸುಪ್ರೀಂ ಕೋರ್ಟ್ ಇಂಥ ಪತ್ರವನ್ನು 2018ರಲ್ಲಿ ಒಪ್ಪಿತು, 2023ರ ಜನವರಿಯಲ್ಲಿ ವಿಧಾನ ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಪತ್ರ ಇರುವ ಮನೆಗಳಲ್ಲಿ ಅಂಕ ಬೇರೆ ಬರುತ್ತದಾ ಅಂತ ನೀವು ನೋಡಿದರೆ ನಮಗೆಲ್ಲ ತುಂಬಾ ಉಪಕಾರ.

ನಿರ್ಧಾರ ಆದ ಮೇಲಿನ ಅಳತೆ ಬೇರೆ. ಅದಕ್ಕೆ ಐದು ಹೇಳಿಕೆಗಳ ಡಿಸಿಷನ್ ರಿಗ್ರೆಟ್ ಸ್ಕೇಲ್ ಇದೆ, 2003ರದ್ದು. ಸಾವಾದ ಮನೆಗೆ ಅದನ್ನು ಬೇಗ ಒಯ್ಯಬೇಡಿ. ನಾನು ಈ ಕೆಲಸಕ್ಕೆ ಸೇರಿದ ವರ್ಷ ಅದನ್ನು ನಾನೇ ತುಂಬಿ ನೋಡಿದೆ. ಅಮ್ಮ ಟ್ಯೂಬನ್ನು ಎರಡು ಸಲ ಕಿತ್ತುಹಾಕಿದ್ದಳು. ಮೂರನೆಯ ಸಲ ಹಾಕಿ ಅವಳ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. 'ಮತ್ತೆ ಅದೇ ಸಂದರ್ಭ ಬಂದರೆ ಇದೇ ಆಯ್ಕೆ ಮಾಡುತ್ತೇನೆ' ಅನ್ನುವ ಹೇಳಿಕೆಗೆ 'ಒಪ್ಪುವುದಿಲ್ಲ' ಅಂತ ಗುರುತು ಹಾಕಿದೆ. ಆ ಹಾಳೆ ತುಂಬಿದಾಗ ನನ್ನ ಹತ್ತಿರ ಯಾರೂ ಇರಲಿಲ್ಲ. ನಿಮ್ಮ ಹಾಳೆ ತುಂಬುವವರ ಹತ್ತಿರ ನೀವು ಇರಿ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಅಂತ ಯೋಜನೆಯಲ್ಲಿ ಬರೆದಿದ್ದರೆ ಅದನ್ನು ಒಂದು ಗಂಟೆ ಮಾಡಿ.